ಪದ್ದಕ್ಕ ಮತ್ತು ಊರಲ್ಲೇ ಉಳಿದ ಬಚ್ಚ

ಉಪ್ಪುಂದದಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಸಣ್ಣ ಪಾರ್ಸೆಲ್ ಅಂಗಡಿ. ಸಂಜೆಯ ಬೊಂಬಾಯಿ ಬಸ್ಸಿಗೆ ಊರವರು ತಂದುಕೊಡುವ ಗಂಟುಮೂಟೆಗಳ ಮೇಲೆ ವಿಳಾಸ ಬರೆದು ಬಸ್ಸಿನ ಹೊಟ್ಟೆಗೆ ತುರುಕುವುದು ನನ್ನ ಕಸುಬು. ಒಣಮೀನು, ಕುಚ್ಚಲಕ್ಕಿ, ತೆಂಗಿನೆಣ್ಣೆ, ಮಿಡಿ ಉಪ್ಪಿನಕಾಯಿ, ಇವೆಲ್ಲ ಮಾಮೂಲು. ಒಮ್ಮೆ ಒಬ್ಬರು ಮನೆಬಾವಿಯ ನೀರನ್ನೇ ಕ್ಯಾನಿನಲ್ಲಿ ತುಂಬಿ ತಂದಿದ್ದರು. ದಾದರಿನಲ್ಲಿರುವ ಅವರ ತಮ್ಮನಿಗೆ ಆ ನೀರಿನ ಚಾ ಬೇಕಂತೆ. ನಾನು ಊರು ಬಿಟ್ಟವನಲ್ಲ. ಬಿಟ್ಟವರು ಊರಿನ ಹೆಸರೆತ್ತಿ ಕಣ್ಣು ಒದ್ದೆ ಮಾಡಿಕೊಂಡರೆ ನನಗೆ ಸ್ವಲ್ಪ ಉರಿಯುತ್ತದೆ. ದೂರದ ಬೆಟ್ಟ ನುಣ್ಣಗೆ. ಇಲ್ಲಿ ಕರೆಂಟು ಹೋದಾಗ ಸೊಳ್ಳೆ ಹೊಡೆಯುತ್ತ ಕೂರುವವರು ನಾವು.

ಆದರೂ ಮಡಿಕಲ್ಲಿನ ಪದ್ದಕ್ಕನ ಬಗ್ಗೆ ನಾನೇ ಬರೆಯಬೇಕು. ಊರು ಬಿಟ್ಟವರಿಗೆ ಅವಳು ಕಳಿಸುತ್ತಿದ್ದದ್ದು ನನ್ನ ಬಸ್ಸಿನಲ್ಲಿ ಹೋಗುವ ವಸ್ತುವಾಗಿರಲಿಲ್ಲ, ಆದರೆ ಅದು ಹುಟ್ಟಿದ್ದು ಮಾತ್ರ ನನ್ನ ಅಂಗಡಿಯಲ್ಲೇ.

ಪದ್ದಕ್ಕನಿಗೆ ಈಗ ಅರವತ್ತು ದಾಟಿದೆ. ಮೀನಿನ ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಗಿಡ್ಡವಾಗಿದೆ, ಸ್ವರ ಗಿಡ್ಡವಾಗಿಲ್ಲ. ಅವಳು ಕಡಲತಡಿಯಲ್ಲಿ ಕೂಗಿದರೆ ಹೆದ್ದಾರಿಯಲ್ಲಿ ಬಸ್ಸು ನಿಲ್ಲುತ್ತದೆ ಎಂದು ಅವಳ ಗಂಡ ಚಂದಯ್ಯನೇ ಹೇಳುತ್ತಾನೆ. ಚಂದಯ್ಯ ಜಗಲಿಯಲ್ಲಿ ಬಲೆ ಹೊಲಿಯುತ್ತ ಕೂರುವ ಸಾಧುಪ್ರಾಣಿ. ಅವನಿಗೆ ಅರ್ಧ ಮಾತು ಮಾತ್ರ ಕೇಳುತ್ತದೆ, ಯಾವ ಅರ್ಧ ಎನ್ನುವುದನ್ನು ಅವನೇ ಆರಿಸಿಕೊಳ್ಳುತ್ತಾನೆ. ಇಬ್ಬರು ಹೆಣ್ಣುಮಕ್ಕಳನ್ನು ಕೋಟೇಶ್ವರದ ಕಡೆ ಕೊಟ್ಟಿದ್ದಾರೆ, ಅವರು ಆಗಾಗ ಮಕ್ಕಳ ಸಮೇತ ಬಂದು ಗಲಾಟೆ ಎಬ್ಬಿಸಿ ಹೋಗುತ್ತಾರೆ. ಪದ್ದಕ್ಕನಿಗೆ ಒಬ್ಬನೇ ತಮ್ಮ, ಬಚ್ಚ. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಅವಳು. ಆ ಬಚ್ಚ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋದ. ಹೋಟೆಲಿನಲ್ಲಿ ಮೇಜು ಒರೆಸಿದ, ಮೀನುದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಐಸು ಹೊತ್ತ, ಕೊನೆಗೆ ಮೀನಿನ ಟೆಂಪೊ ಓಡಿಸಿದ.

ಅವನು ಐಸು ಹೊರುತ್ತಿದ್ದ ಕಾಲಕ್ಕೆ ನಮ್ಮ ಅಂಗಡಿ ಎಸ್‌ಟಿಡಿ ಬೂತ್ ಆಗಿತ್ತು. ನಾನು ಹತ್ತನೇ ಕ್ಲಾಸು ಮುಗಿಸಿ, ಮುಂದೆ ಓದುವ ಮನಸ್ಸಿಲ್ಲದೆ, ಅಪ್ಪನ ಬೂತಿನಲ್ಲಿ ಕೂತಿದ್ದೆ. ಭಾನುವಾರ ಬೆಳಿಗ್ಗೆ ಬಚ್ಚನ ಫೋನು ಬರುತ್ತಿತ್ತು. ಪದ್ದಕ್ಕ ಬುಟ್ಟಿ ಹೊರಗಿಟ್ಟು ಬೆಂಚಿನಲ್ಲಿ ಕಾಯುತ್ತಿದ್ದಳು. ಆ ಕಾಲದ ಫೋನಿನಲ್ಲಿ ಆಚೆಯವರ ಮಾತು ಅಂಗಡಿಗೆಲ್ಲ ಕೇಳುತ್ತಿತ್ತು, ಗುಟ್ಟು ಎನ್ನುವುದೇ ಇರಲಿಲ್ಲ.

ಒಂದು ಮಳೆಗಾಲ ಬಚ್ಚ ಧಕ್ಕೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ. ಜೊತೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ಖೋಲಿಯಲ್ಲಿ ಒಬ್ಬನೇ ಮಲಗಿರಬೇಕಿತ್ತು. ಯಾರೋ ಅವನನ್ನು ಎತ್ತಿಕೊಂಡು ಬಂದು ಫೋನಿನ ಮುಂದೆ ಕೂರಿಸಿದ್ದರು. ಆ ದಿನ ಅವನು ಕೇಳಿದ, "ಅಕ್ಕಾ, ನಾನ್ ಊರಂಗೇ ಇದ್ದಿದ್ರೆ ಇವತ್ತ್ ಎಂತ ಮಾಡ್ತಿದ್ದೆ?"

ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಹೇಳುತ್ತಿದ್ದರು, ಇಲ್ಲವೇ ಅಳುತ್ತಿದ್ದರು. ಪದ್ದಕ್ಕ ಸ್ವಲ್ಪ ಯೋಚನೆ ಮಾಡಿ ಹೇಳಿದಳು.

"ಇವತ್ತಾ? ಬೆಳಿಗ್ಗೆ ಎದ್ದ್ ಕಾಂತೆ, ಚಾವಡಿ ಮೂಲಿ ಸೋರ್ತಾ ಇತ್ತ್. ಮಾಡಿಗ್ ಹತ್ತಿ ಹಂಚ್ ಸರಿ ಮಾಡುಕ್ ಹೋತೆ. ಭಾವ ಕೆಳಗ್ ನಿಂತ್ಕಂಡ್ ಬೇಡ ಅಂತ್ರ್, ನೀನ್ ಕೇಂತಿಲ್ಲೆ. ಜಾರಿ ಬೀಳ್ತೆ. ಬಿದ್ರೂ ಎಂತ ಆತಿಲ್ಲೆ, ಕೆಳಗ್ ಹುಲ್ಲಿನ್ ರಾಶಿ ಇತ್ತಲೆ."

ಆಚೆಯಿಂದ ಬಚ್ಚ ನಕ್ಕದ್ದು ನನಗೆ ಕೇಳಿಸಿತು. ಮುಂದಿನ ಭಾನುವಾರ ಅವನು ತನ್ನ ಕಾಲಿನ ವಿಷಯ ಹೇಳಲೇ ಇಲ್ಲ. "ಅವ ಎಂತ ಮಾಡ್ದ ಈ ವಾರ?" ಎಂದು ಕೇಳಿದ. ಅಂದಿನಿಂದ ಅವರಿಬ್ಬರ ಮಾತಿನಲ್ಲಿ ಇಬ್ಬರು ಬಚ್ಚಂದಿರು. ಒಬ್ಬ ಅಲ್ಲಿಪ್ಪವ, ಅಂದರೆ ಅಲ್ಲಿರುವವ. ಇನ್ನೊಬ್ಬ ಇಲ್ಲಿಪ್ಪವ, ಊರು ಬಿಡದೇ ಉಳಿದವ.

ಪದ್ದಕ್ಕನಿಗೆ ಒಂದು ಕಟ್ಟುನಿಟ್ಟಿತ್ತು. ಕತೆಯಲ್ಲಿ ಬಚ್ಚನನ್ನು ಬಿಟ್ಟು ಉಳಿದದ್ದೆಲ್ಲ ನಿಜವೇ ಆಗಿರಬೇಕು. ಆ ವಾರ ಬಲೆಗೆ ಬಂಗಡೆ ಬಿದ್ದಿದ್ದರೆ ಮಾತ್ರ ಇಲ್ಲಿಪ್ಪ ಬಚ್ಚ ಬಂಗಡೆ ತಿನ್ನಬೇಕು. ಮರ ಬಿದ್ದಿದ್ದರೆ ಬಿದ್ದ ಮರವನ್ನೇ ಅವನು ಕಡಿಯಬೇಕು. ಸತ್ತವರ ಮನೆಗೆ ಹೋಗಿ ಕಟ್ಟಿಗೆ ಒಡೆಯಬೇಕು. ಒಮ್ಮೆ ನಾನು ತಮಾಷೆಗೆ, ಅವನಿಗೊಂದು ಲಾಟರಿ ಹೊಡೆಸಿ ಅಕ್ಕಾ ಎಂದಿದ್ದೆ. ಅವಳು ಮುಖ ಗಂಟು ಹಾಕಿದಳು. "ಬಚ್ಚ ಒಬ್ನೇ ಸುಳ್ಳ್ ಮಾರಾಯ. ಬಾಕಿದ್ದೆಲ್ಲ ಸುಳ್ಳ್ ಹೇಳ್ರೆ ಅವ್ನಿಗ್ ನಿಂತ್ಕಂಬುಕೆ ನೆಲ ಬೇಡ್ದಾ?"

ಬೂತು ಹೋಗಿ ಮೊಬೈಲು ಬಂತು. ಹೆಣ್ಣುಮಕ್ಕಳು ಅವಳಿಗೆ ವಾಟ್ಸಾಪಿನಲ್ಲಿ ಮಾತು ಕಳಿಸುವುದನ್ನು ಕಲಿಸಿಕೊಟ್ಟರು. ಭಾನುವಾರ ಮೀನು ಮಾರಿ ಬಂದು, ನನ್ನ ಬೆಂಚಿನಲ್ಲಿ ಕೂತು, ಫೋನನ್ನು ಎಲೆ ಅಡಿಕೆಯ ಹಾಗೆ ಬಾಯಿಯ ಹತ್ತಿರ ಹಿಡಿದುಕೊಂಡು ಕತೆ ಹೇಳುತ್ತಿದ್ದಳು. ಬಚ್ಚ ಅದನ್ನು ಅಲ್ಲಿನ ನಮ್ಮವರಿಗೆ ಕೇಳಿಸಿದ. ಅವರು ಇನ್ಯಾರಿಗೋ ಕಳಿಸಿದರು. ಆಮೇಲೆ ನಮಗೂ ಒಬ್ಬ ಇಲ್ಲಿಪ್ಪವನನ್ನು ಕೊಡಿ ಎಂದು ಜನ ಕೇಳತೊಡಗಿದರು. ಬಹರೈನಿನಲ್ಲಿ ಅಡಿಗೆ ಮಾಡುವ ಹೆಮ್ಮಾಡಿಯ ರತೀಶನಿಗೆ ಅವಳು ಒಂದು ಆಟೊ ರಿಕ್ಷಾ ಕೊಟ್ಟಳು. ಇಲ್ಲಿಪ್ಪ ರತೀಶ ಹೆದ್ದಾರಿ ದಾಟಲು ಎಷ್ಟು ಸುತ್ತಬೇಕೆಂದು ಬೈಯುತ್ತ ದಿನ ಕಳೆಯುತ್ತಿದ್ದ. ಪುಣೆಯಲ್ಲಿರುವ ಬೀಜಾಡಿಯ ಮೋಕ್ಷಿತಾ ಕತೆಯಲ್ಲಿ ಸಂಜೆ ಇಲ್ಲಿನ ಕಡಲಿಗೆ ಹೋಗಿ, ಕೊರೆತ ತಡೆಯಲು ಹಾಕಿದ ಕಲ್ಲಿನ ಸಂದಿಯಲ್ಲಿ ಚಪ್ಪಲಿ ಕಳೆದುಕೊಂಡು ಒಂಟಿ ಕಾಲಲ್ಲಿ ಕುಂಟುತ್ತ ಮನೆಗೆ ಬಂದಿದ್ದಳು. ಅದನ್ನು ಕೇಳಿ ಪುಣೆಯ ಮೋಕ್ಷಿತಾ ಆಫೀಸಿನಲ್ಲಿ ಅತ್ತಳಂತೆ. ಕಳೆದುಹೋದದ್ದು ಒಂದು ಸುಳ್ಳು ಚಪ್ಪಲಿ, ಅದಕ್ಕೆ ಅಳುವುದೆಂತಕೆ ಎಂದು ನಾನು ಕೇಳಿದೆ.

ನನಗೂ ಒಂದು ಆಸೆ ಇತ್ತು, ಸುಳ್ಳೇಕೆ. ನಾನು ಊರು ಬಿಟ್ಟಿದ್ದರೆ ಏನಾಗುತ್ತಿದ್ದೆ ಎಂದು ಒಮ್ಮೆ ಕೇಳಿದೆ. "ನೀನಾ? ನೀನ್ ಅಲ್ಲಿಗ್ ಹೋಯಿ ಅಲ್ಲೂ ಒಂದ್ ಪಾರ್ಸೆಲ್ ಅಂಗ್ಡಿ ಇಡ್ತಿದ್ದೆ" ಎಂದಳು. ನಾನು ಮತ್ತೆ ಕೇಳಲಿಲ್ಲ.

ಪದ್ದಕ್ಕ ಬಾಯಲ್ಲಿ ಮಾತ್ರ ಕತೆ ಹೇಳುತ್ತಿರಲಿಲ್ಲ, ಕೈಯಲ್ಲೂ ಹೇಳುತ್ತಿದ್ದಳು. ಮಳೆಗಾಲ ಮುಗಿದ ಮೇಲೆ ನಮ್ಮ ಕಡಲತಡಿಯಲ್ಲಿ ಶೀನನ ತಂಡ ಈಗಲೂ ಕೆಲವು ದಿನ ಕೈರಂಪಣಿ ಹಾಕುತ್ತದೆ. ದೋಣಿಯಲ್ಲಿ ಹೋಗಿ ಕಡಲಲ್ಲಿ ಉದ್ದ ಬಲೆ ಬಿಟ್ಟು ಬರುವುದು, ಆಮೇಲೆ ದಡದಲ್ಲಿ ನಿಂತು ಎರಡೂ ಕಡೆಯಿಂದ ಹಗ್ಗ ಎಳೆಯುವುದು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಯಾವ ಊರು, ಯಾವ ಮನೆ ಎಂದು ಕೇಳುವ ಕ್ರಮವಿಲ್ಲ. ಪದ್ದಕ್ಕ ಹಗ್ಗ ಎಳೆದು ಎರಡು ಪಾಲು ಕೇಳುತ್ತಿದ್ದಳು. ಬಲಗೈ ನನ್ನದು, ಎಡಗೈ ಬಚ್ಚನದು ಎನ್ನುತ್ತಿದ್ದಳು. ಪಾಲು ಹಾಕುವ ಶೀನ ಗೊಣಗುತ್ತಿದ್ದ. ಹಾಗಾದರೆ ನನ್ನ ಎರಡು ಕಾಲಿಗೂ ಪಾಲು ಬೇಕು ಎಂದು ಯಾರೋ ಕೆಣಕುತ್ತಿದ್ದರು. ಆದರೆ ಯಾರೂ ಇಲ್ಲವೆನ್ನಲಿಲ್ಲ. ಎಡಗೈಯ ಪಾಲನ್ನು ಅವಳು ಬೇರೆಯೇ ಒಣಗಿಸಿ, ಬೇರೆಯೇ ಕಟ್ಟಿ, ನನ್ನ ಬಸ್ಸಿಗೆ ಹಾಕುತ್ತಿದ್ದಳು. ಇಲ್ಲಿಪ್ಪವ ಎಳೆದದ್ದನ್ನು ಅಲ್ಲಿಪ್ಪವ ಉಣ್ಣುತ್ತಿದ್ದ.

ಇಷ್ಟೆಲ್ಲ ಪ್ರೀತಿಯ ನಡುವೆ ಒಂದು ಮುಳ್ಳು ಇತ್ತು. ಬಚ್ಚ ಬೊಂಬಾಯಿಯಲ್ಲೇ, ಅಲ್ಲಿನ ಮೀನುಗಾರರ ಮನೆಯ ಸುಲಭಾ ಎಂಬ ಮರಾಠಿ ಹುಡುಗಿಯನ್ನು ಮದುವೆಯಾದ. ಇಲ್ಲಿ ಪದ್ದಕ್ಕ ಅವನಿಗಾಗಿ ಹೆಣ್ಣಿನ ಮನೆಯವರಿಗೆ ಮಾತು ಕೊಟ್ಟಾಗಿತ್ತು. ಅವಳು ಮದುವೆಗೆ ಹೋಗಲಿಲ್ಲ. ಕೆಲವು ಭಾನುವಾರ ಬೂತಿಗೂ ಬರಲಿಲ್ಲ. ಆಮೇಲೊಂದು ದಿನ ಏನೂ ಆಗದವಳಂತೆ ಬಂದು ಫೋನಿನಲ್ಲಿ ಹೇಳಿದಳು, ಇಲ್ಲಿಪ್ಪ ಬಚ್ಚನಿಗೆ ಹೆಣ್ಣು ನೋಡುತ್ತಿದ್ದೇವೆ ಎಂದು.

ಆ ಹೆಣ್ಣು ನೋಡುವ ಶಾಸ್ತ್ರ ಮುಗಿಯಲೇ ಇಲ್ಲ. ಒಂದು ಹುಡುಗಿ ತೀರ ಎತ್ತರ. ಇನ್ನೊಂದರ ಜಾತಕ ಕೂಡಲಿಲ್ಲ. ಮತ್ತೊಂದು ಸಲ ಹೆಣ್ಣು ನೋಡಲು ಹೊರಟ ಜೀಪು ಕೆಸರಿನಲ್ಲಿ ಹೂತುಹೋಗಿ, ತಲುಪುವಷ್ಟರಲ್ಲಿ ಹುಡುಗಿಯ ಮನೆಯವರಿಗೆ ಸಿಟ್ಟು ಬಂತು. ಬಚ್ಚ ನಗುತ್ತಿದ್ದ. "ಅವ್ನಿಗ್ ಮದಿ ಮಾಡ್ಬೇಡ ಅಕ್ಕಾ, ಒಬ್ನಾರೂ ಆರಾಮಂಗ್ ಇರ್ಲಿ" ಎನ್ನುತ್ತಿದ್ದ. ಊರಲ್ಲೇ ಉಳಿದ ಬಚ್ಚನ ತಲೆ ನರೆಯಿತು, ಮೊಣಕಾಲು ನೋಯತೊಡಗಿತು, ಮದುವೆ ಮಾತ್ರ ಆಗಲಿಲ್ಲ.

ನಿಜವಾದ ಬಚ್ಚ ಹೆಂಡತಿ ಮಗಳನ್ನು ಕರೆದುಕೊಂಡು ಕೆಲವು ಸಲ ಊರಿಗೆ ಬಂದಿದ್ದ. ಆಗ ಪದ್ದಕ್ಕ ಕೋಳಿ ಕೊಯ್ಯಿಸಿ, ಕೊಟ್ಟೆ ಕಡುಬು ಮಾಡಿ, ಉಪಚಾರ ಮಾಡುತ್ತಿದ್ದಳು. ಕತೆ ಮಾತ್ರ ಬಂದ್. ಒಂದು ಎಲೆಯಲ್ಲಿ ಇಬ್ಬರು ಉಣ್ಣಲಿಕ್ಕಾಗುವುದಿಲ್ಲ ಎನ್ನುತ್ತಿದ್ದಳು. ಒಮ್ಮೆ ಬಚ್ಚ ನನ್ನ ಅಂಗಡಿಯಲ್ಲಿ ಚಾ ಕುಡಿಯುತ್ತ, "ಸುಧೀರ, ಇಲ್ಲಿಪ್ಪವ್ನಿಗೆ ಕೂಕಂಬುಕೆ ಮಣಿ ಕೊಡ್ತ್ಲ್. ನಂಗ್ ಕುರ್ಚಿ ಕೊಡ್ತ್ಲ್ ಕಾಣ್" ಎಂದ. ಮಣೆ ಮನೆಯವರಿಗೆ, ಕುರ್ಚಿ ನೆಂಟರಿಗೆ. ಅವನು ಅದನ್ನು ನಗುತ್ತಲೇ ಹೇಳಿದ, ನಾನೂ ನಕ್ಕೆ. ಅವನ ಮಗಳು ಚಂದನಾಳ ತಲೆಗೆ ಪದ್ದಕ್ಕ ಎಣ್ಣೆ ಹಾಕಿ ಬಾಚುತ್ತಿದ್ದಳು, ಆದರೆ ಬೇರೆಯವರ ಹತ್ತಿರ ಮಾತಾಡುವಾಗ 'ಬೊಂಬಾಯಿ ಮಗು' ಎನ್ನುತ್ತಿದ್ದಳು. ಅವರದು ಅಳಿಯಕಟ್ಟಿನ ಮನೆ. ಹಳೆಯ ಲೆಕ್ಕದಲ್ಲಿ ಅಕ್ಕತಂಗಿಯರ ಮಕ್ಕಳು ಮನೆಯವರು, ಅಣ್ಣತಮ್ಮಂದಿರ ಮಕ್ಕಳು ಅವರ ತಾಯಿಯ ಮನೆಯವರು. ಆ ಲೆಕ್ಕವನ್ನು ಈಗ ಯಾರೂ ಹಿಡಿದು ಕೂರುವುದಿಲ್ಲ. ಪದ್ದಕ್ಕ ಬೇಕಾದಾಗ ಹಿಡಿಯುತ್ತಿದ್ದಳು.

ಕಳೆದ ದೀಪಾವಳಿಯಾದ ಸ್ವಲ್ಪ ದಿನಕ್ಕೆ ಬಚ್ಚ ತೀರಿಕೊಂಡ. ಟೆಂಪೊ ನಿಲ್ಲಿಸಿ, ಎದೆ ಹಿಡಿದುಕೊಂಡು, ಸ್ಟಿಯರಿಂಗಿನ ಮೇಲೆ ಒರಗಿದವನು ಏಳಲಿಲ್ಲ. ದಹನವೂ ಆಮೇಲಿನ ಬೊಜ್ಜದ ಕ್ರಿಯೆಯೂ ಅಲ್ಲೇ ಆಯಿತು. ಚಂದಯ್ಯನೂ ದೊಡ್ಡ ಅಳಿಯನೂ ಹೋಗಿ ಬಂದರು. ಪದ್ದಕ್ಕ ಹೋಗಲಿಲ್ಲ, ಬುಟ್ಟಿ ಹೊತ್ತುಕೊಂಡು ಮೀನಿಗೆ ಹೋದಳು. ಭಾನುವಾರ ಬಂತು. ಅವಳು ನನ್ನ ಬೆಂಚಿನಲ್ಲಿ ಕೂತಳು. ಫೋನು ಬಾಯಿಗೆ ಹಿಡಿದು, ಇವತ್ತು ಬಚ್ಚನಿಗೆ ಸ್ವಲ್ಪ ಶೀತ, ಕಾಳುಮೆಣಸಿನ ಕಷಾಯ ಕುಡಿದು ಬೇಲಿ ಕಟ್ಟಲು ಹೋಗಿದ್ದಾನೆ ಎಂದು ಹೇಳಿ, ತಮ್ಮನ ನಂಬರಿಗೆ ಕಳಿಸಿದಳು. ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಮುಂದಿನ ವಾರವೂ ಹೇಳಿದಳು. ಕೈರಂಪಣಿಯಲ್ಲಿ ಎರಡು ಪಾಲನ್ನೂ ಕೇಳಿದಳು. ಶೀನ ಕೊಟ್ಟು, ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದ. "ಹ್ವಾಯ್, ನೀವಾರೂ ಒಂಚೂರ್ ಹೇಳಿ ಸುಧೀರಣ್ಣ. ಜನ ಒಂದೊಂದ್ ನಮೂನಿ ಮಾತಾಡ್ತೊ" ಎಂದ.

ನಾನು ಹೋದೆ. ಅವಳು ಅಂಗಳದಲ್ಲಿ ಶೆಟ್ಲಿ, ಅಂದರೆ ಸಿಗಡಿ, ಒಣಗಲು ಹರವುತ್ತಿದ್ದಳು. ಹೇಗೆ ಶುರು ಮಾಡುವುದೆಂದು ತಿಳಿಯದೆ ಬಚ್ಚನ ಹೆಸರೆತ್ತಿದೆ. ಅವಳು ತಲೆ ಎತ್ತದೆ ಹೇಳಿದಳು, "ಸತ್ತದ್ದ್ ಅಲ್ಲಿಪ್ಪವ ಅಲ್ದಾ? ಇಲ್ಲಿಪ್ಪವ್ನಿಗೆ ಎಂತ ಆಯ್ತ್? ನಿನ್ನೆ ಎರಡ್ ಸಲ ಗಂಜಿ ಹಾಕ್ಸ್ಕಂಡ್ ಉಂಡ."

ನಾನು ಒಂದು ಲೋಟ ನೀರು ಕುಡಿದು ವಾಪಸು ಬಂದೆ. ಏನು ಹೇಳಲಿ? ನನಗೂ ಬಚ್ಚ ಬೇಕಿತ್ತು. ಅಂಗಡಿ ತುಂಬುತ್ತಿದ್ದ ಆ ನಗು ಇನ್ನು ಬರುವುದಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಬೊಂಬಾಯಿ ಬಸ್ಸಿನಿಂದ ಚಂದನಾ ಇಳಿದಳು. ಅಲ್ಲಿ ಯಾವುದೋ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾಳೆ. ಅಪ್ಪನ ಅಗಲ ಹಣೆ, ತಾಯಿಯ ಚೂಪು ಗಲ್ಲ. ಅವಳ ಮಾತು ಅಪ್ಪಟ ಕುಂದಾಪ್ರ ಕನ್ನಡ, ನಡುವೆ ಒಂದೊಂದು ಮರಾಠಿ ಕಲ್ಲು. "ರಿಕ್ಷಾ ಸಿಕ್ತಾ, ಕೀ ನಡ್ಕಂಡೇ ಹೋಯ್ಕಾ?" ಎಂದು ಕೇಳುತ್ತ ಬಂದವಳನ್ನು ಕೂರಿಸಿ ಚಾ ತರಿಸಿದೆ. ಅಪ್ಪನ ಫೋನು ಅವಳ ಕೈಯಲ್ಲಿತ್ತು.

"ಅತ್ತೆ ಇನ್ನೂ ಕಳಿಸ್ತ್ರ್" ಎಂದಳು.

ಗೊತ್ತಿದೆ, ನಿಲ್ಲಿಸಲು ಹೇಳಬೇಕಾ ಎಂದು ಕೇಳಿದೆ.

"ನಿಲ್ಸೂದ್ ಬೇಡ" ಎಂದಳು ಚಂದನಾ. ಲೋಟ ತಿರುಗಿಸುತ್ತ ಎಲ್ಲ ಹೇಳಿದಳು. ಚಿಕ್ಕವಳಿರುವಾಗ ಅಪ್ಪನ ತೊಡೆಯ ಮೇಲೆ ಕೂತು ಈ ಕತೆ ಕೇಳುತ್ತಿದ್ದಳಂತೆ. ಪ್ರತಿಸಲವೂ ತನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುವುದು. ನಾನು ಯಾಕಿಲ್ಲ ಎಂದು ಕೇಳಿದರೆ ಅಪ್ಪ, ಅಲ್ಲಿ ನೀನು ಇನ್ನೂ ಹುಟ್ಟಲಿಲ್ಲ ಮಗಾ ಎನ್ನುತ್ತಿದ್ದನಂತೆ.

"ಆಗಳ್ ಬೇಜಾರ್ ಇರ್ಲಿಲ್ಲೆ. ನನ್ನ ಅಪ್ಪ ನನ್ ಹತ್ರ ಇದ್ದ. ಈಗಳ್ ಅವ ಹೋದ. ಬಾಕಿ ಉಳ್ದದ್ದ್ ಅತ್ತೆ ಹತ್ರ ಇಪ್ಪವ ಒಬ್ನೇ. ಅವ್ನಿಗ್ ನನ್ನ್ ಗೊತ್ತೇ ಇಲ್ಲೆ" ಎಂದಳು. ಅಲ್ಲಿ ತನ್ನನ್ನು ಸೇರಿಸಿ ಎಂದು ಅತ್ತೆಯನ್ನು ಕೇಳಲು ಅಷ್ಟು ದೂರದಿಂದ ಬಂದಿದ್ದಳು. ಊರು ಬಿಟ್ಟವರನ್ನು ಗೇಲಿ ಮಾಡುವುದು ನನಗೆ ಬರುತ್ತದೆ, ಊರು ಬಿಟ್ಟವರ ಮಕ್ಕಳ ಬಗ್ಗೆ ನಾನು ಯೋಚಿಸಿರಲೇ ಇಲ್ಲ.

ಮನೆಯಲ್ಲಿ ಪದ್ದಕ್ಕ ಅವಳಿಗೆ ಕುರ್ಚಿ ಕೊಟ್ಟಳು. ಮೀನು ಕಾಯಿಸಿ ಬಡಿಸಿದಳು. ಬಚ್ಚನ ಸಾವಿನ ಮಾತು ಬಂದರೆ ಎದ್ದು ಒಳಗೆ ಹೋದಳು. ಎರಡು ದಿನ ಹುಡುಗಿಗೆ ಬಾಯಿ ತೆರೆಯುವ ಅವಕಾಶವೇ ಸಿಗಲಿಲ್ಲ. ಮೂರನೆಯ ದಿನ ಭಾನುವಾರ, ಶೀನ ಬಲೆ ಬಿಟ್ಟಿದ್ದ. ಅತ್ತೆಯ ಹಿಂದೆ ಚಂದನಾ ಕೂಡ ಕಡಲತಡಿಗೆ ಬಂದು ಹಗ್ಗ ಹಿಡಿದಳು. ನಾನು ಅಲ್ಲೇ ಇದ್ದೆ, ನಾನೂ ಎಳೆದೆ. ಅವಳಿಗೆ ಹಿಂದಕ್ಕೆ ಒರಗಿ ಎಳೆಯುವ ರೀತಿ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಲೆ ದಡಕ್ಕೆ ಬರುವಾಗ ಅಂಗೈ ಕೆಂಪಾಗಿತ್ತು.

ಬಲೆಗೆ ಒಳ್ಳೆಯ ಬೈಗೆ ಮೀನು ಬಿದ್ದಿತ್ತು. ಶೀನ ಮರಳಿನ ಮೇಲೆ ಪಾಲು ಹಾಕತೊಡಗಿದ. ಪದ್ದಕ್ಕ ಬುಟ್ಟಿ ಚಾಚಿದಳು, ಒಂದು ಪಾಲು ಬಿತ್ತು. ಎರಡನೆಯದಕ್ಕೆ ಚಾಚಿದಳು. ಶೀನ ಮೀನು ತುಂಬಿದ ಕೈಗಳನ್ನು ಹಾಗೇ ಹಿಡಿದು ಚಂದನಾಳ ಕಡೆ ನೋಡಿದ. ಅವನು ಒಳ್ಳೆಯದಾಗಲಿ ಎಂದೇ ಮಾಡಿದ, ಕೆಟ್ಟದ್ದು ಅವನಿಗೆ ಗೊತ್ತಿಲ್ಲ.

"ಪದ್ದಕ್ಕ, ಬಚ್ಚನ್ ಪಾಲ್ ಅವ್ನ್ ಮಗಳಿಗೇ ಕೊಡ್ತೆ ಆಯ್ತಾ" ಎಂದ.

"ಅದ್ ಹಗ್ಗ ಎಳ್ದಿತ್, ಅದ್ರ್ ಪಾಲ್ ಅದಕ್ಕ್ ಕೊಡ್. ಬಚ್ಚಂದ್ ಬೇರೆ" ಎಂದಳು ಪದ್ದಕ್ಕ.

"ಬಚ್ಚ ಎಲ್ಲಿದ್ದ ಪದ್ದಕ್ಕ?"

ಅವಳು ಎಡಗೈ ಎತ್ತಿ ತೋರಿಸಿದಳು. ಹಗ್ಗದ ಗುರುತು ಬಿದ್ದ, ಮರಳು ಮೆತ್ತಿದ ಕೈ. ಸುತ್ತ ನಿಂತವರೆಲ್ಲ ಕಡಲು ನೋಡತೊಡಗಿದರು.

ಆಗ ಚಂದನಾ ಮಾತಾಡಿದಳು. ಸ್ವರ ಏರಿಸಲಿಲ್ಲ. "ಹೌದ್ ಶೀನಣ್ಣ, ಬೇರೆಯೇ. ಅತ್ತೆಯ ಬಚ್ಚನಿಗೆ ಮದಿಯೇ ಆಯ್ಲಿಲ್ಲೆ, ಮಗಳ್ ಎಲ್ಲಿಂದ ಬಪ್ಪುದ್?" ಎಂದು ಅತ್ತೆಯ ಕಡೆ ತಿರುಗಿದಳು. "ಅಪ್ಪ ಊರಂಗೇ ಇದ್ದಿದ್ರೆ ನಾನ್ ಹುಟ್ತಾನೇ ಇರ್ಲಿಲ್ಲೆ. ನಿಮ್ಗ್ ಅದೇ ಆಯ್ಕಿತ್ತಾ ಅತ್ತೆ?"

ಪದ್ದಕ್ಕ ಎತ್ತಿದ ಎಡಗೈಯನ್ನು ಇಳಿಸಿ ಸೀರೆಗೆ ಒರೆಸಿಕೊಂಡಳು. ಶೀನ ಕೈಯಲ್ಲಿದ್ದ ಮೀನನ್ನು ಇಬ್ಬರ ನಡುವೆ ಮರಳಿನ ಮೇಲೆ ಇಟ್ಟ. ಯಾರೂ ಅದನ್ನು ಎತ್ತಲಿಲ್ಲ. ಪದ್ದಕ್ಕ ಒಂದೇ ಪಾಲು ಹೊತ್ತುಕೊಂಡು ಮನೆಗೆ ಹೋದಳು.

ಆ ಸಂಜೆಯ ಬಸ್ಸಿಗೇ ಹೋಗುತ್ತೇನೆ ಎಂದು ಚಂದನಾ ಚೀಲ ಕಟ್ಟಿದಳು. ಅವಳು ನನಗೆ ಆಮೇಲೆ ಹೇಳಿದ್ದು ಇದು. ಮಧ್ಯಾಹ್ನ ಊಟಕ್ಕೆ ಯಾರೂ ಕೂರಲಿಲ್ಲ. ಪದ್ದಕ್ಕ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಳು. ಆಗ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಚಂದಯ್ಯ, ಬೆಳಗಿನ ಜಗಳದ ಸುದ್ದಿಯನ್ನು ಪೂರ್ತಿ ಕೇಳಿಸಿಕೊಂಡಿದ್ದವನು, ಒಳಗೆ ಕೇಳುವ ಹಾಗೆ ಒಂದೇ ಮಾತು ಹೇಳಿದ.

"ಬಚ್ಚನಿಗ್ ಹೆಣ್ಣ್ ಕಂಡದ್ದ್ ಸಾಕ್ ಮಾರಾಯ್ತಿ. ಇನ್ನ್ ಮದಿ ಮಾಡ್."

ಸಂಜೆ ಚಂದನಾ ಚೀಲ ಹಿಡಿದು ನನ್ನ ಅಂಗಡಿಗೆ ಬಂದಳು. ಬಸ್ಸು ಕುಂದಾಪುರ ಬಿಟ್ಟಿದೆ ಎಂದು ಡ್ರೈವರನ ಫೋನು ಬಂದಿತ್ತು. ಅಷ್ಟರಲ್ಲಿ ಪದ್ದಕ್ಕ ಬಂದಳು. ಕೈಯಲ್ಲಿ ಗಂಟಿರಲಿಲ್ಲ, ಬುಟ್ಟಿಯೂ ಇರಲಿಲ್ಲ. ಬೆಂಚಿನಲ್ಲಿ ಹುಡುಗಿಯ ಪಕ್ಕ ಕೂತಳು. ಚಂದನಾ ಫೋನು ತೆಗೆಯಹೋದರೆ ಬೇಡ ಎಂದು ಕೈ ಹಿಡಿದಳು. ಹಿಡಿದ ಕೈಯನ್ನು ಬಿಡಲಿಲ್ಲ. ನಾನು ತಲೆ ತಗ್ಗಿಸಿ ಯಾವುದೋ ಗಂಟಿನ ಮೇಲೆ ಬರೆದ ವಿಳಾಸವನ್ನೇ ಮತ್ತೆ ಬರೆಯುತ್ತಿದ್ದೆ.

"ಇಲ್ಲಿಪ್ಪ ಬಚ್ಚ ಇವತ್ತ್ ಬೆಳಿಗ್ಗೆ ಗಂಜಿ ಉಣ್ಲಿಲ್ಲೆ" ಎಂದು ಶುರು ಮಾಡಿದಳು. "ಎಂತಾ ಆಯ್ತ್ ಅಂದ್ ಕೇಂಡೆ. ಅಕ್ಕಾ, ನಾನ್ ಬೊಂಬಾಯಿಗ್ ಹೋತೆ ಅಂದ."

ಚಂದನಾ ತಿರುಗಿ ನೋಡಿದಳು. "ಈಗಳಾ ಅತ್ತೆ? ಈ ಪ್ರಾಯದಗಾ?"

"ಪ್ರಾಯ ಎಂತ ಪ್ರಾಯ. ಮೀಸಿ ಸಹ ಬರ್ಲಿಲ್ಲೆ ಅವ್ನಿಗ್" ಎಂದಳು ಪದ್ದಕ್ಕ. ತಾನೇ ಹಾಕಿಕೊಂಡ ಕಟ್ಟುನಿಟ್ಟನ್ನು ಅವಳು ಅಂದು ತಾನೇ ಮುರಿದಳು. ಕತೆ ಈ ವಾರದ್ದಲ್ಲ, ತುಂಬ ಹಿಂದಿನ ಒಂದು ಸಂಜೆಯದು.

"ನಿನ್ನ್ ಅಪ್ಪ ಹೋಪ್ ದಿನ ನಾನ್ ಕೋಣಿ ಬಾಗ್ಲ್ ಹಾಯ್ಕಂಡ್ ಒಳಗೇ ಕೂಕಂಡಿದ್ದೆ ಮಗಾ. ಹೊರಗ್ ನಿಂತ್ ಕರ್ದ, ಕರ್ದ. ನಾನ್ ಬಾಗ್ಲ್ ತೆಗಿಲಿಲ್ಲೆ. ಇಲ್ಲಿಪ್ಪ ಇವ್ನಿಗ್ ಹಾಂಗ್ ಮಾಡ್ಲಿಲ್ಲೆ ನಾನ್. ತಲಿಗ್ ಎಣ್ಣಿ ಹಾಕಿ ಬಾಚ್ದೆ. ಅವಲಕ್ಕಿ ಕಟ್ಕೊಟ್ಟೆ. ಬಸ್ಸಿನ್ ವರಿಗ್ ಹೋದೆ. ಹೋಯಿ ಬಾ ಅಂದೆ."

ಆಮೇಲೆ ಬೇಗ ಬೇಗ ಹೇಳಿದಳು, ಬಸ್ಸು ಬರುವ ಮೊದಲು ಮುಗಿಸಬೇಕೆಂಬ ಹಾಗೆ. ಬಚ್ಚ ಹೋಟೆಲಿನಲ್ಲಿ ಮೇಜು ಒರೆಸಿದ. ಧಕ್ಕೆಯಲ್ಲಿ ಐಸು ಹೊತ್ತ. ಬಿದ್ದು ಕಾಲು ಮುರಿದುಕೊಂಡ, ಅಲ್ಲಿ ಹುಲ್ಲಿನ ರಾಶಿ ಇರಲಿಲ್ಲ. ಧಕ್ಕೆಯಲ್ಲಿ ಮೀನು ಆರಿಸಲು ಬರುತ್ತಿದ್ದ ಒಂದು ಹುಡುಗಿ ಅವನಿಗೆ ಮನೆಯಿಂದ ಊಟ ತಂದುಕೊಟ್ಟಳು.

"ಅದ್ರ್ ಬಾಯಿ ನನ್ನಷ್ಟೇ ಜೋರ್. ಅದ್ಕೇ ಅವ್ನಿಗ್ ಹಿಡ್ಸ್ತ್ ಅದ್. ಮದಿಗ್ ನಾನೂ ಹೋದೆ ಕಾಣ್. ಹೊಸ ಸೀರಿ ಉಟ್ಕಂಡ್, ನಿನ್ನ್ ಮಾವನ್ನ್ ಕರ್ಕಂಡ್ ಹೋದೆ. ಎದ್ರ್ ಸಾಲಂಗೇ ಕೂಕಂಡೆ. ಅವ್ರ್ ಮಾತ್ ಒಂದೂ ತಿಳಿಲಿಲ್ಲೆ, ಊಟ ಲಾಯ್ಕಿತ್ತ್. ಮತ್ತೆ ಒಂದ್ ಹೆಣ್ ಮಗು ಹುಟ್ತ್. ನಂಗ್ ಫೋನ್ ಮಾಡ್ದ. ಅಕ್ಕಾ ಎಂತ ಹೆಸ್ರ್ ಇಡೂದ್ ಅಂದ್ ಕೇಂಡ. ಚಂದನಾ ಅಂದ್ ಇಡ್ ಅಂದೆ."

ಹುಡುಗಿ ಅತ್ತೆಯ ಹೆಗಲಿಗೆ ಹಣೆ ಒತ್ತಿಕೊಂಡಳು. ಅಳುತ್ತಿದ್ದಳು, ಸದ್ದಿರಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು. ಹೆದ್ದಾರಿಯಲ್ಲಿ ಬಸ್ಸಿನ ದೀಪ ಕಂಡಿತು. ಕ್ಲೀನರ್ ಇಳಿದು, ಗಂಟುಗಳನ್ನು ಎತ್ತಿ ಹಾಕಿ, ಅವಳ ಚೀಲವನ್ನೂ ಒಳಗಿಟ್ಟ. ಮೆಟ್ಟಿಲು ಹತ್ತುವ ಮೊದಲು ಚಂದನಾ ಮುಖ ಒರೆಸಿಕೊಂಡು ಕೇಳಿದಳು.

"ಅತ್ತೆ, ಅವ್ನೂ ಹೋದ್ರೆ ಮತ್ತ್ ಇಲ್ಲಿ ಉಳ್ದದ್ದ್ ಯಾರ್?"

"ನಾನ್ ಅಲ್ದಾ ಮಗಾ" ಎಂದಳು ಪದ್ದಕ್ಕ.

ಬಸ್ಸು ಹೋಯಿತು. ಪದ್ದಕ್ಕ ಬೆಂಚಿಗೆ ಬಂದು ಕೂತಳು. ಆಮೇಲೆ ನನ್ನ ಕಡೆ ತಿರುಗಿ, ಯಾರೋ ಈಗಷ್ಟೇ ಬಂದು ತಿಳಿಸಿದ ಸುದ್ದಿಯನ್ನು ಹೇಳುವ ಹಾಗೆ, "ಸುಧೀರಾ, ನನ್ನ್ ತಮ್ಮ ಸತ್ತ್ ಹೋದ" ಎಂದಳು.

ನಾನೂ ಅದನ್ನು ಆಗಲೇ ಕೇಳಿದವನ ಹಾಗೆ ಅಂಗಡಿಯಿಂದ ಎದ್ದು ಬಂದು ಅವಳ ಪಕ್ಕ ಕೂತೆ.